ಪವನಲಂಘನ ಮೀಮಾಂಸೆ, ಅಥವಾ ಗಾಳಿಯ ದಿನ ಡರ್ಟ್ ಬೈಕ್ ಹಾರಿಸುವ ಶಾಸ್ತ್ರ

ಯಾವ ಶಾಸ್ತ್ರವೇ ಆಗಲಿ, ತನ್ನ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕನ್ನು ಹೇಳದೆ ಮುಂದಡಿಯಿಡಬಾರದೆಂದು ಪೂರ್ವಸೂರಿಗಳು ವಿಧಿಸಿರುವರಾದುದರಿಂದ, ನಾವೂ ಆ ಋಣವನ್ನು ಮೊದಲು ತೀರಿಸತಕ್ಕದ್ದು. ಮಣ್ಣಿನ ದಿಬ್ಬದಿಂದ ಬೈಕು ಸಮೇತ ಅಂತರಿಕ್ಷಕ್ಕೆ ನೆಗೆದವನನ್ನು ಗಾಳಿಯು ತನ್ನ ಇಷ್ಟದೆಡೆಗೆ ಒಯ್ಯದಂತೆ ತಡೆಯುವ ಉಪಾಯವೇ ಇಲ್ಲಿ ವಿಷಯ. ಇಳಿಯಬೇಕಾದಲ್ಲಿಯೇ ಇಳಿಯುವುದು ಪ್ರಯೋಜನ. ಇವೆರಡರ ಸಂಬಂಧವನ್ನು ಆಸ್ಪತ್ರೆಯ ಮೂಳೆ ವಿಭಾಗದವರು ವಿಸ್ತಾರವಾಗಿ ಬಲ್ಲರು. ಅಧಿಕಾರಿಯಾದರೋ ಹೆಲ್ಮೆಟ್ಟು, ಎದೆಗವಚ ಮತ್ತು ಮೊಣಕಾಲಿನವರೆಗೆ ಏರುವ ಬೂಟುಗಳಿಂದ ಭೂಷಿತನಾಗಿ, ಅದೇ ದಿಬ್ಬವನ್ನು ಗಾಳಿಯಿಲ್ಲದ ದಿನಗಳಲ್ಲಿ ಬೇಸರ ಬರುವಷ್ಟು ಬಾರಿ ಹಾರಿದವನು. ವೇದಾಂತಿಗಳು ಹೇಳುವ ವೈರಾಗ್ಯವೂ ಅವನಿಗೆ ಅವಶ್ಯವೆಂಬುದನ್ನು ಮುಂದೆ ಸ್ಥಾಪಿಸಲಾಗುವುದು.

ಈ ವಿದ್ಯೆಯ ಆರಂಭವನ್ನು ಆಂಗ್ಲರು 1924ರ ಮಾರ್ಚ್ 29ರಂದು ಸರ್ರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ ನಡೆದ ಸ್ಕ್ರ್ಯಾಂಬಲ್ ಪಂದ್ಯದಿಂದ ಎಣಿಸುವರು. ಅಮೆರಿಕನರು 1972ರಲ್ಲಿ ಲಾಸ್ ಏಂಜಲೀಸಿನ ಕೊಲಿಸಿಯಮ್ ಕ್ರೀಡಾಂಗಣದೊಳಕ್ಕೆ ಮಣ್ಣು ಸುರಿದು ದಿಬ್ಬ ಕಟ್ಟಿದ್ದರಿಂದ ಎಣಿಸುವರು. ನಾವು ಮಹೇಂದ್ರಪರ್ವತದಿಂದ ಎಣಿಸುತ್ತೇವೆ. ಅಲ್ಲಿಂದ ಲಂಕೆಗೆ ನೆಗೆಯುವ ಮುನ್ನ ಮಾರುತಿಯು ಮೈಯನ್ನು ಕುಗ್ಗಿಸಿ, ಪಾದಗಳಿಂದ ಪರ್ವತವನ್ನು ಅದುಮಿದನೆಂಬ ವರ್ಣನೆಗೂ, ದಿಬ್ಬದ ಏರಿನಲ್ಲಿ ಸವಾರನು ಸಸ್ಪೆನ್ಷನ್ನನ್ನು ಅದುಮಿ ಅದರ ಮರುನೆಗೆತವನ್ನು ಬಳಸಿಕೊಳ್ಳುವ ಕ್ರಮಕ್ಕೂ ಇರುವ ಸಾದೃಶ್ಯವು ಯಾವ ವಿಮರ್ಶಕನನ್ನಾದರೂ ಮೌನಗೊಳಿಸಬಲ್ಲುದು. ಆದರೆ ಆ ದೃಷ್ಟಾಂತವು ಅಷ್ಟಕ್ಕೇ ನಿಲ್ಲುತ್ತದೆ. ಏಕೆಂದರೆ ಮಾರುತಿಗೆ ಗಾಳಿಯು ತಂದೆ, ನಮ್ಮ ಸವಾರನಿಗೆ ದಾಯಾದಿ.

ಇನ್ನು ಗಾಳಿಯುಂಟೆಂದು ತಿಳಿಯುವುದೆಂತು? ವಾಯುವಿಗೆ ರೂಪವಿಲ್ಲ, ಸ್ಪರ್ಶವುಂಟು ಎಂದು ವೈಶೇಷಿಕರು ನಿರ್ಣಯಿಸಿರುವರು. ದುರದೃಷ್ಟವಶಾತ್ ಸವಾರನಿಗೆ ಆ ಸ್ಪರ್ಶಜ್ಞಾನವು ನೆಲವನ್ನು ಬಿಟ್ಟ ಮೇಲೆ ಉಂಟಾಗುತ್ತದೆ. ದಿಬ್ಬದ ಬುಡದಲ್ಲಿ ಮರಗಳೂ ಮಣ್ಣಿನ ಏರಿಗಳೂ ಮರೆಯಾಗಿ ನಿಂತಿರುವುದರಿಂದ ಅಲ್ಲಿ ಎಲ್ಲವೂ ಪ್ರಶಾಂತ. ನೆತ್ತಿಯನ್ನು ದಾಟಿದೊಡನೆ ಗಾಳಿ ಎದೆಗೆ ಬಂದು ಬಡಿಯುವುದು. ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟನು 1805ರಲ್ಲಿ ಆರಂಭಿಸಿದ ಗಾಳಿಬಲದ ಮಾನಶ್ರೇಣಿಯನ್ನು ಮುಂದೆ ನೆಲದವರಿಗಾಗಿ ವಿಸ್ತರಿಸಿದಾಗ, ಗಂಟೆಗೆ 20ರಿಂದ 28 ಕಿಲೋಮೀಟರ್ ವೇಗದ ಗಾಳಿಗೆ ಧೂಳು ಏಳುವುದೇ ಲಕ್ಷಣವೆಂದರು. ಆದರೆ ಡರ್ಟ್ ಬೈಕುಗಳು ಓಡುವಲ್ಲಿ ಗಾಳಿಯಿಲ್ಲದೆಯೂ ಧೂಳು ಏಳುವುದರಿಂದ, ಧೂಳನ್ನು ಕಂಡು ಗಾಳಿಯನ್ನು ಊಹಿಸುವುದು ತಾರ್ಕಿಕರ ಮತದಲ್ಲಿ ಸವ್ಯಭಿಚಾರವೆಂಬ ಹೇತ್ವಾಭಾಸ. ಆದುದರಿಂದ ಧೂಳು ಎದ್ದಿತೇ ಎಂದು ಕೇಳದೆ, ಎದ್ದ ಧೂಳು ಎತ್ತ ಓಡಿತು, ಇಳಿಜಾರಿನ ಪಕ್ಕದ ಬಾವುಟ ಎತ್ತ ಬಾಗಿತು ಎಂದು ಕೇಳತಕ್ಕದ್ದು. ಕ್ಯಾಲಿಫೋರ್ನಿಯದ ಗ್ಲೆನ್ ಹೆಲೆನ್ ಮೈದಾನದಂತೆ, ಕಣಿವೆಯ ಬಾಯಿಯಿಂದ ಸಾಂಟಾ ಆನಾ ಗಾಳಿ ನುಗ್ಗುವ ಸ್ಥಳಗಳಲ್ಲಿ ಈ ಪ್ರಶ್ನೆಯನ್ನು ಪ್ರತಿ ಸುತ್ತಿನಲ್ಲಿಯೂ ಕೇಳತಕ್ಕದ್ದು.

ಈಗ ಗಣಿತ. ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ: ಗಂಟೆಗೆ 36 ಕಿಲೋಮೀಟರಿನ ಅಡ್ಡಗಾಳಿಯು ಒಂದು ಚದರ ಮೀಟರನ್ನು ಸ್ಥೂಲವಾಗಿ 6 ಕಿಲೊ ತೂಕದ ಬಲದಿಂದ ಒತ್ತಿದರೆ, 72 ಕಿಲೋಮೀಟರಿನದು 12 ಅಲ್ಲ, 24 ಕಿಲೊ ಬಲದಿಂದ ಒತ್ತುವುದು. ಬೈಕೂ ಸವಾರನೂ ಸೇರಿ 185 ಕಿಲೊ ಇದ್ದು, ಗಾಳಿಗೆ ಒಡ್ಡಿದ ಮೈ ಒಂದು ಚದರ ಮೀಟರಿನಷ್ಟಿದ್ದರೆ, ಮೊದಲನೆಯ ಗಾಳಿಯು ಅವರನ್ನು ಒಂದು ಸೆಕೆಂಡಿನಲ್ಲಿ ಸುಮಾರು 16 ಸೆಂಟಿಮೀಟರ್ ಸರಿಸುತ್ತದೆ; ಎರಡು ಸೆಕೆಂಡಿನಲ್ಲಿ 65. ವೇಗವೂ ಕಾಲವೂ ಇಮ್ಮಡಿಸಿದರೆ ಸರಿತವು ಹದಿನಾರು ಮಡಿಯಾಗಿ ಎರಡೂವರೆ ಮೀಟರನ್ನು ಮೀರುವುದು. ಅಷ್ಟರಲ್ಲಿ ಇಳಿಜಾರು ಮುಗಿದು ಬೇಲಿಯ ಅಧ್ಯಾಯವು ಆರಂಭವಾಗಿರುತ್ತದೆ. ಇವೆರಡರಲ್ಲಿ ಗಾಳಿಯ ವೇಗವು ದೈವಾಧೀನ, ಆಕಾಶದಲ್ಲಿರುವ ಕಾಲವು ಪುರುಷಾಧೀನ. ಆದುದರಿಂದ ತಗ್ಗಿ ಹಾರುವುದೇ ಸಿದ್ಧಾಂತ.

ಇಲ್ಲಿ ವೇಗವಾದಿಗಳು ಪೂರ್ವಪಕ್ಷವನ್ನೊಡ್ಡುವರು: ಥ್ರಾಟಲನ್ನು ಇನ್ನಷ್ಟು ತಿರುವಿದರೆ ಗಾಳಿಯನ್ನು ಸೀಳಿಕೊಂಡು ಹೋಗಬಹುದಲ್ಲವೇ ಎಂದು. ಅಲ್ಲ, ಹೆಚ್ಚಿದ ವೇಗವು ಅದೇ ದಿಬ್ಬದಿಂದ ಸವಾರನನ್ನು ಹೆಚ್ಚು ಎತ್ತರಕ್ಕೂ ದೂರಕ್ಕೂ ಎಸೆದು, ಗಾಳಿಗೆ ಹೆಚ್ಚಿನ ಕಾಲಾವಕಾಶವನ್ನು ಧರ್ಮಾರ್ಥವಾಗಿ ಕೊಡುತ್ತದೆ. ವಿಹಿತವಾದುದು ಇಷ್ಟು: ಗಾಳಿ ಬೀಸಿ ಬರುವ ಕಡೆಯ ಅಂಚಿಗೆ ಹತ್ತಿ ಏರನ್ನು ಹಿಡಿಯುವುದು, ಬೈಕನ್ನು ಗಾಳಿಯ ಕಡೆಗೆ ತುಸುವೇ ವಾಲಿಸುವುದು, ಫುಟ್‌ಪೆಗ್ಗಿನ ಮೇಲೆ ನಿಂತು ಮೊಣಕಾಲುಗಳಿಂದ ಟ್ಯಾಂಕನ್ನು ಬಿಗಿಹಿಡಿಯುವುದು. ಎದುರುಗಾಳಿಯಲ್ಲಿ ಹಾರಿಕೆ ಮೊಟಕಾಗಿ ಹಿಂಚಕ್ರವು ಇಳಿಜಾರಿನ ತಲೆಗೆ ಬಡಿಯಬಹುದು. ಹಿಂಗಾಳಿಯಲ್ಲಿ ಇಳಿಜಾರನ್ನೇ ದಾಟಿ ಸಮನೆಲಕ್ಕೆ ಬೀಳಬಹುದು. ಮೂತಿ ಮೇಲೆದ್ದರೆ ಹಿಂಬ್ರೇಕನ್ನು ಮೆಟ್ಟಿದಾಗ ಅದು ತಗ್ಗುವುದು, ತಗ್ಗಿದ್ದರೆ ಥ್ರಾಟಲು ಕೊಟ್ಟಾಗ ಏಳುವುದು. ನಿಲ್ಲಲು ನೆಲವೇ ಇಲ್ಲದೆಡೆ ಬ್ರೇಕು ಫಲಿಸುವ ಈ ಚಮತ್ಕಾರಕ್ಕೆ, ತಿರುಗುವ ಚಕ್ರದ ಭ್ರಮಣವು ತಡೆದೊಡನೆ ಇಡೀ ವಾಹನಕ್ಕೆ ಹಂಚಿಹೋಗುವುದೇ ಕಾರಣ.

ಗಾಳಿಯ ಅಪೌರುಷೇಯ ಪ್ರಾಮಾಣ್ಯಕ್ಕೆ ಒಂದು ಉದಾಹರಣೆ ಸಾಕು. ಬೈಕು ಹಾರಿಸಿಯೇ ಲೋಕಪ್ರಸಿದ್ಧನಾಗಿದ್ದ ಈವಲ್ ಕ್ನೀವಲನು 1974ರ ಸೆಪ್ಟೆಂಬರ್ 8ರಂದು ಅಮೆರಿಕದ ಐಡಹೊ ರಾಜ್ಯದಲ್ಲಿ, ಬೈಕಿನ ದೂರದ ಬಂಧುವಾದ ಉಗಿಯ ರಾಕೆಟ್ಟೊಂದನ್ನೇರಿ ಸ್ನೇಕ್ ನದಿಯ ಕಮರಿಯನ್ನು ದಾಟಹೊರಟನು. ಪ್ಯಾರಾಷೂಟು ಅಕಾಲದಲ್ಲಿ ಬಿಚ್ಚಿಕೊಂಡಿತು; ಗಾಳಿಯು ಅವನನ್ನು ಆಚೆ ದಡಕ್ಕೆ ಬಿಡದೆ, ಹೊರಟ ಕಡೆಗೇ ತಂದು ಕಮರಿಯ ತಳದಲ್ಲಿಳಿಸಿತು. ಪ್ರಾಣಾಪಾಯವಾಗಲಿಲ್ಲ, ಹೋದವನು ಹಿಂದಿರುಗಿದನೆಂಬ ಅರ್ಥದಲ್ಲಿ ಯಾತ್ರೆಯೂ ಸಫಲವೇ.

ಉಳಿದುದು ವೈರಾಗ್ಯ. ಬಾವುಟವು ಪಟಪಟನೆ ಬಡಿದುಕೊಳ್ಳುವಾಗ ದಿಬ್ಬವನ್ನು ಹಾರದೆ, ಚಕ್ರಗಳನ್ನು ನೆಲಕ್ಕೆ ಅಂಟಿಸಿಕೊಂಡೇ ಏರಿ ಇಳಿಯುವುದು ಈ ವಿದ್ಯೆಯ ಪರಾಕಾಷ್ಠೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟರಾದುದರಿಂದಲೇ ಅದು ನಿಷ್ಕಾಮಕರ್ಮ. ಶಾಸ್ತ್ರವನ್ನೋದಿ ಹಾರದವನಿಗೂ, ಸೋಮಾರಿತನದಿಂದ ಮನೆಯಲ್ಲುಳಿದು ಹಾರದವನಿಗೂ ಫಲವು ಒಂದೇ ಆಯಿತಲ್ಲ, ಇಷ್ಟು ಓದಿದ್ದು ವ್ಯರ್ಥವಲ್ಲವೇ ಎಂದು ಆಕ್ಷೇಪಿಸಿದರೆ, ಉತ್ತರವುಂಟು: ಗಾಳಿ ತಗ್ಗಿದ ಮರುದಿನ ಮುರಿಯದ ಎಲುಬುಗಳೊಡನೆ ಇಬ್ಬರೂ ಮೈದಾನಕ್ಕೆ ಬರಬಹುದು, ಹಾರಲು ಬಲ್ಲವನು ಒಬ್ಬನೇ.