ಲೋಹ–ರಾಳ ಸಂಧಿ ಪ್ರಕರಣ: ಗೋಗಿ ಪಾಠ

ಮೊದಲು ವಸ್ತುನಿರ್ದೇಶ. ಗೋಗಿಯ ನಮ್ಮ ಮನೆಯ ಬಚ್ಚಲ ಬಾಗಿಲಿನ ಚಿಲಕ ಕಿತ್ತುಬಿದ್ದು ಇಂದಿಗೆ ೨೧ ದಿನ. ಚಿಲಕ ಉಕ್ಕಿನದು, ಅಂದರೆ ಲೋಹ. ಬಾಗಿಲನ್ನು ಅಂಗಡಿಯವರು ‘ಫೈಬರ್’ ಎನ್ನುತ್ತಾರೆ. ಬಿಚ್ಚಿ ನೋಡಿದರೆ ಅದು ಗಾಜಿನ ನೂಲಿಗೆ ಪಾಲಿಯೆಸ್ಟರ್ ರಾಳ ಕುಡಿಸಿ ಒತ್ತಿದ ಎರಡು ತೆಳು ಹಾಳೆ, ನಡುವೆ ಹಗುರ ನೊರೆ. ಸ್ಕ್ರೂ ಹಾಳೆ ದಾಟಿ ನೊರೆಗೆ ಹೋದರೆ ಹಿಟ್ಟಿನಲ್ಲಿ ಮೊಳೆ ಹೊಡೆದಂತೆ. ಆದ್ದರಿಂದ ಲೋಹಕ್ಕೂ ರಾಳಕ್ಕೂ ಸಂಧಿ ಮಾಡಿಸುವ ಅಂಟು ಯಾವುದೆಂಬ ಜಿಜ್ಞಾಸೆ ಹುಟ್ಟಿತು. ಸದ್ಯಕ್ಕೆ ಒಳಗೆ ಹೋದವರು ಕೆಮ್ಮುತ್ತಾರೆ, ಹೊರಗಿನವರು ತಿರುಗಿ ಹೋಗುತ್ತಾರೆ. ನಮ್ಮವ್ವನಿಗೆ ಮೊದಲೇ ಕೆಮ್ಮು. ಆಕೆ ಒಲೆಯ ಮುಂದೆ ಕೂತಿದ್ದರೂ ಬಚ್ಚಲು ಖಾಲಿಯಿಲ್ಲವೆಂದು ಮನೆಮಂದಿಯೆಲ್ಲ ಕಾಯುತ್ತದೆ.

ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿ ನಿವೃತ್ತನಾದವನಿಗೆ ಸಂಧಿಯೇನು ಹೊಸತೇ? ಶಹಾಪುರದ ಹಾರ್ಡ್‌ವೇರ್ ಅಂಗಡಿಯವನು ಮಾತ್ರ, “ಮಾಸ್ತರ್ರ, ಹೊಸಾದು ಒಂದು ಬಾಗಲಾ ಹಾಕಿಸಿಬಿಡ್ರಿ” ಎಂದ. ಶಾಸ್ತ್ರಪರಿಶ್ರಮವಿಲ್ಲದವರ ಮಾತು.

ಪೂರ್ವಪಕ್ಷವನ್ನು ನೋಡೋಣ. ಈ ಸಂಧಿಯನ್ನು ನಮ್ಮ ಪತ್ತಾರರು ಎಂದೋ ಸಾಧಿಸಿದ್ದಾರೆ. ಬೋರಮಾಳದ ಗುಂಡು ಹೊರಗೆ ತೆಳು ಬಂಗಾರ, ಒಳಗೆ ಅರಗು. ಕುಡಗೋಲಿನ ಬಾಲವನ್ನು ಕಾಯಿಸಿ ಅರಗು ತುಂಬಿದ ಹಿಡಿಕೆಗೆ ತುರುಕಿದರೆ, ಆರಿದ ಮೇಲೆ ಜೋಳದ ಸುಗ್ಗಿ ಮುಗಿದರೂ ಬಿಡುವುದಿಲ್ಲ. ಹಾಗಾದರೆ ಅರಗೇ ಸಾಕಲ್ಲ? ಸಾಲದು. ಅರಗು ಸುಮಾರು ೭೫ ಡಿಗ್ರಿಗೆ ಮೆದುವಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಈ ಗುಣದ ಮೇಲೆ ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಯೋಗ ಕೈಗೊಂಡವನು ದುರ್ಯೋಧನ. ವಾರಣಾವತದಲ್ಲಿ ಅವನ ಪ್ರಯೋಗಶಾಲೆ ಹೊತ್ತಿ ಉರಿಯಿತು, ಸಹಾಯಕ ಪುರೋಚನನೂ ಅದರಲ್ಲೇ ಮುಗಿದ. ನಮ್ಮ ಬಾಗಿಲಿಗೆ ಪಡುವಣ ಬಿಸಿಲು ಹೊಡೆಯುತ್ತದೆ, ಬೇಸಿಗೆಯಲ್ಲಿ ನೆರಳಲ್ಲೇ ೪೦ ಡಿಗ್ರಿ ದಾಟುವ ಊರು. ಅರಗನ್ನು ಕೈಬಿಟ್ಟೆ.

ಇನ್ನು ಸ್ಥಳಮಹಾತ್ಮೆ. ಅಂಟಿನ ವಿಚಾರಕ್ಕೆ ಗೋಗಿಗಿಂತ ಯೋಗ್ಯ ಊರಿಲ್ಲ. ಬಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫ್ ೧೫೧೦ರಲ್ಲಿ ತೀರಿಕೊಂಡಾಗ ಅವನನ್ನು ತಂದು ಮಣ್ಣು ಮಾಡಿದ್ದು ಬಿಜಾಪುರದಲ್ಲಲ್ಲ, ಇಲ್ಲಿ, ಅವನ ಗುರುವೆನಿಸಿದ ಚಂದಾ ಹುಸೇನಿಯವರ ದರ್ಗಾದ ಬದಿಯಲ್ಲಿ. ಮಗ ಇಸ್ಮಾಯಿಲ್, ೧೫೫೮ರಲ್ಲಿ ಸತ್ತ ಮೊಮ್ಮಗ ಮೊದಲನೇ ಇಬ್ರಾಹಿಂ, ಇವರೂ ಇಲ್ಲಿಗೇ ಬಂದರು. ರಾಜ್ಯ ಒಂದು ಕಡೆ, ಹತ್ತಿಕೊಂಡದ್ದು ಇನ್ನೊಂದು ಕಡೆ. ಗುರು–ಶಿಷ್ಯರ ಈ ಅಂಟು ಐನೂರು ವರ್ಷ ತಡೆದಿದೆ. ಅದು ಯಾವ ಟ್ಯೂಬಿನಲ್ಲಿ ಸಿಗುತ್ತದೆಂದು ಅಂಗಡಿಯಲ್ಲಿ ಕೇಳಿದೆ; ಅವನು ಉತ್ತರ ಕೊಡಲಿಲ್ಲ.

ಎರಡನೆಯ ಸಾಕ್ಷಿ ನೆಲದಡಿಯಲ್ಲಿದೆ. ೧೯೯೦ರ ದಶಕದಲ್ಲಿ ಸರ್ಕಾರದ ಪರಮಾಣು ಖನಿಜ ಶೋಧಕರು ಗೋಗಿಯ ಸುಣ್ಣದಕಲ್ಲು, ಗ್ರಾನೈಟುಗಳಲ್ಲಿ ಯುರೇನಿಯಂ ಕಂಡರು. (ಅದರ ಗಣಿಯ ಜಗಳ ಬೇರೆ, ಇಲ್ಲಿ ಬೇಡ.) ಜಾರ್ಖಂಡದ ಜಾದೂಗುಡದಲ್ಲಿ ಅದಿರನ್ನು ಆಮ್ಲದಲ್ಲಿ ಕರಗಿಸಿ, ಆ ರಸವನ್ನು ರಾಳದ ಸಣ್ಣ ಮಣಿಗಳ ನಡುವೆ ಹರಿಸುತ್ತಾರೆ, ಯುರೇನಿಯಂ ಮಣಿಗಳಿಗೆ ಹತ್ತಿಕೊಳ್ಳುತ್ತದೆ. ಲೋಹ, ರಾಳ, ನಡುವೆ ಅಂಟೇ ಇಲ್ಲ! ಕುಣಿದಾಡಿದೆ. ಆಮೇಲೆ ತಿಳಿಯಿತು: ಗೋಗಿಯ ಸುಣ್ಣದಕಲ್ಲು ಆಮ್ಲವನ್ನೆಲ್ಲ ಕುಡಿದುಬಿಡುವುದರಿಂದ ಇಲ್ಲಿಗೆ ಕ್ಷಾರದ ದಾರಿಯೇ ಸರಿ. ಅಲ್ಲದೆ ನಮ್ಮ ಚಿಲಕ ಯುರೇನಿಯಂನದಲ್ಲ.

ಈಗ ಸಿದ್ಧಾಂತ. ೧೩ನೇ ಶತಮಾನದ ಕೇಶಿರಾಜನನ್ನು ಓದಿದವರಿಗೆ ಗೊತ್ತು, ಕನ್ನಡಕ್ಕೆ ಲೋಪ, ಆಗಮ, ಆದೇಶ ಎಂದು ಸಂಧಿ ಮೂರು. ಬಚ್ಚಲ ಬಾಗಿಲಿಗೂ ಅಷ್ಟೇ.

ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ಉಕಾರ ಹೋಗಲೇಬೇಕು. ಹಾಗೆಯೇ ಇಲ್ಲಿ ಹೋಗಬೇಕಾದದ್ದು ಚಿಲಕದ ಎಣ್ಣೆಜಿಡ್ಡು, ಬಾಗಿಲಿನ ಮೇಣ. ಅಚ್ಚಿನಿಂದ ಹಾಳೆ ಸಲೀಸಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಅಚ್ಚಿಗೆ ಮೇಣ ಸವರಿರುತ್ತಾರೆ. ಅಚ್ಚಿಗೇ ಅಂಟದಂತೆ ಮಾಡಿದ ಮೇಣ ನಿಮ್ಮ ಗೋಂದಿಗೆ ಜಾಗ ಕೊಟ್ಟೀತೇ? ಲೋಪ ಆಗದೆ ಸಂಧಿಯಿಲ್ಲ. ಮಳೆ, ಕಾಲ ಸೇರಿ ‘ಮಳೆಗಾಲ’ ಆದಂತೆ, ಪಾಲಿಶ್ ಪೇಪರಿನಿಂದ ತಿಕ್ಕಿ ನುಣುಪಿನ ಜಾಗಕ್ಕೆ ಒರಟನ್ನು ತರುವುದು ಆದೇಶ. ಮನೆಯನ್ನು ಎಂಬಲ್ಲಿ ನಡುವೆ ಬಂದು ಕೂಡುವ ಯಕಾರವೇ ಅಂಟು, ಅದು ಆಗಮ. ಇಲ್ಲೊಂದು ಸೂಕ್ಷ್ಮವಿದೆ. ಯಕಾರ ಒಂದೇ ಸಾಕು. ‘ಮನೆಯ್ಯ್ಯ್ಯನ್ನು’ ಎಂದರೆ ಸಂಧಿ ಗಟ್ಟಿಯಾಗುವುದಿಲ್ಲ, ತೊದಲುತ್ತದೆ. ಅಂಟಿನ ಪದರವೂ ಮಿಲಿಮೀಟರಿನ ಒಂದೆರಡು ಹತ್ತನೇ ಭಾಗದಷ್ಟಿದ್ದರೆ ಚೆಂದ. ಈ ಸೂತ್ರವನ್ನು ನಾನು ಬರೆದೆ, ಆಚರಿಸಲಿಲ್ಲ. ಆ ಕಥೆ ಮುಂದಿದೆ. ಇನ್ನು ಸಂಧಿಯೇ ಆಗದ ಪ್ರಕೃತಿಭಾವಕ್ಕೆ ‘ಅಯ್ಯೋ ಇದೇನು’ ಎಂಬಂಥ ಉದಾಹರಣೆ ಕೊಡುತ್ತಾರೆ. ಚಿಲಕ ಕಾಲ ಮೇಲೆ ಬಿದ್ದಾಗ ನಮ್ಮ ಮನೆಯಲ್ಲಿ ಅದೇ ಉದಾಹರಣೆ ಕೇಳಿಬಂತು.

ಆಗಮಕ್ಕೆ ಅಭ್ಯರ್ಥಿಗಳು ಮೂವರು. ಬಡಿಗೇರರ ಬಿಳಿ ಗೋಂದು ತನ್ನ ನೀರನ್ನು ಕಟ್ಟಿಗೆಗೆ ಕುಡಿಸಿ ಗಟ್ಟಿಯಾಗುವಂಥದ್ದು. ಉಕ್ಕೂ ಕುಡಿಯುವುದಿಲ್ಲ, ರಾಳವೂ ಕುಡಿಯುವುದಿಲ್ಲ. ತಿರಸ್ಕೃತ. ಐದು ರೂಪಾಯಿಯ ಚಿಟಿಕೆಗೋಂದು, ಶಾಸ್ತ್ರದ ಹೆಸರು ಸಯನೋಅಕ್ರಿಲೇಟ್. ೧೯೪೨ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿಕನ್ನಡಿಗೆಂದು ಹೊರಟಾಗ ಸಿಕ್ಕಿದ್ದು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಬೇಸತ್ತು ಪಕ್ಕಕ್ಕಿಟ್ಟ, ಪೇಟೆಗೆ ಬಂದದ್ದು ೧೯೫೮ರಲ್ಲಿ. ಅದು ಗಟ್ಟಿಯಾಗುವುದು ತೇವದಿಂದ. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಬಾಗಿಲಿಗೆ ತಡ, ಬೆವರಿದ ಬೆರಳಿಗೆ ತಕ್ಷಣ. ನನ್ನ ಹೆಬ್ಬೆರಳೂ ತೋರುಬೆರಳೂ ಅರ್ಧ ಗಂಟೆ ಚಿನ್ಮುದ್ರೆಯಲ್ಲಿದ್ದವು. ಮೇಲಾಗಿ ಅದು ಪೆಡಸು. ಬಿಸಿಲಿಗೆ ರಾಳ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಬಾಗಿಲು ಧಡ್ಡೆಂದಾಗ ಪೆಡಸು ಅಂಟು ಬಿರಿಯುತ್ತದೆ.

ಉಳಿದದ್ದು ಎರಡು ಟ್ಯೂಬಿನ ಎಪಾಕ್ಸಿ. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಗೊಳಿಸುವ ದ್ರವ, ಸಮಸಮ ಕಲಸಬೇಕು. ಇದೂ ರಾಳದ ಜಾತಿಯೇ ಆದ್ದರಿಂದ ಬಾಗಿಲಿಗೆ ಸೋದರಮಾವನ ಮಗಳಿದ್ದಂತೆ, ಕೇಳದೆ ಒಪ್ಪಿಕೊಳ್ಳುತ್ತದೆ. ಒಲಿಸಬೇಕಾದದ್ದು ಉಕ್ಕನ್ನು. ಅದಕ್ಕೇ ಮೇಲೆ ಹೇಳಿದ ತಿಕ್ಕಾಟ.

ಭಾನುವಾರ ಮುಂಜಾನೆ ತಿಕ್ಕಿದೆ, ತಿನ್ನರಿನಿಂದ ಒರೆಸಿದೆ, ಕಲಸಿದೆ, ಸವರಿದೆ. ಸಂತೋಷದ ಭರದಲ್ಲಿ ಯಕಾರ ಹೆಚ್ಚಾಯಿತು. ದಾರದಿಂದ ಬಿಗಿದು ಒಂದು ಹಗಲು, ಒಂದು ರಾತ್ರಿ ಯಾರೂ ಮುಟ್ಟಬಾರದೆಂದೆ. ಸೋಮವಾರ ಎಳೆದು ನೋಡಿದರೆ ಬಾಗಿಲೇ ಬಂದೀತು, ಚಿಲಕ ಬರಲಿಲ್ಲ. ಸರಳು ಜರುಗಿಸಲು ಹೋದೆ. ಜರುಗಲಿಲ್ಲ. ಹೆಚ್ಚಾದ ಅಂಟು ಹರಿದು, ಹೊರಚಾಚಿದ್ದ ಸರಳನ್ನು ಅದರ ಮನೆಗೇ ಕೂಡಿಸಿತ್ತು. ಸರಳು ಚೌಕಟ್ಟಿಗೆ ತಾಗುವುದರಿಂದ ಈಗ ಬಾಗಿಲು ಮುಚ್ಚುವುದೇ ಇಲ್ಲ.

ಅವ್ವ ಒಂದು ಹಳೆಯ ಕೌದಿ ತಂದಳು, ಗೋಡೆಗೆ ಎರಡು ಮೊಳೆ ಹೊಡೆಸಿ ಇಳಿಬಿಟ್ಟಳು. “ನಿಂದು ಬರಿಯೂದು ಮುಗೀತೇನೋ?” ಎಂದಳು. ಮುಗಿಯಿತೆಂದೆ. “ಹಂಗಾರ ಎರಡು ಕೊಡ ನೀರು ತುಂಬು. ಒಳಗ ಹೋಗು ಮುಂದ ಕೆಮ್ಮು, ಮರೀಬ್ಯಾಡ.”