ಎರಡನೇ ಬೇಸ್‌ಮೆಂಟಿನ ಶ್ರೀ ಗೊಬ್ಬರ ಯಂತ್ರದವರಿಗೆ

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಮೇಲೆ ನಾವೆಲ್ಲ ಕ್ಷೇಮ. ಕೆಳಗೆ ತಾವೂ ಕ್ಷೇಮವೆಂದೇ ನಂಬಿದ್ದೇನೆ. ಕೆಲಸ ಮಾಡದವರ ಆರೋಗ್ಯ ಕೆಡುವುದು ಅಪರೂಪ.

ಮೊನ್ನೆ ಕಾರಿನ ಪಂಕ್ಚರ್ ನೋಡಲು ಬಂದಾಗ ತಮ್ಮ ದರ್ಶನವಾಯಿತು. ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಹಾಗೇ ಇತ್ತು. ಚೆಂಡುಹೂವಿನ ಹಾರ ಒಣಗಿ ಕಂದಿ, ಮುಚ್ಚಳದ ಹಿಡಿಕೆಯಲ್ಲಿ ನೇತಾಡುತ್ತಿತ್ತು. ಆ ಹಾರ ಕೊರಳಿಗೆ ಬೀಳುವ ಬದಲು ಹೊಟ್ಟೆಗೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಗೊಬ್ಬರವಾಗಿರುತ್ತಿತ್ತು. ತಲೆಯ ಮೇಲೆ ನೆಲ ಒರೆಸುವ ಮಾಪು, ಮಗ್ಗುಲಲ್ಲಿ ಗಣೇಶನ ಹಬ್ಬದ ಸೀರಿಯಲ್ ಲೈಟಿನ ಡಬ್ಬ. ಒಟ್ಟಿನಲ್ಲಿ ಮನೆಯ ಹಿರಿಯರಿಗೆ ಸಲ್ಲುವ ಗೌರವವೇ ತಮಗೂ ಸಂದಿದೆ: ಮೂಲೆ, ಮೌನ, ವರ್ಷಕ್ಕೊಮ್ಮೆ ಪೂಜೆ.

ತಾವು ಬಂದ ದಿನ ನನಗೆ ನೆನಪಿದೆ. 2016ರ ಘನತ್ಯಾಜ್ಯ ನಿಯಮದಲ್ಲಿ, 5,000 ಚದರ ಮೀಟರ್ ಮೀರಿದ ವಸತಿ ಸಮುಚ್ಚಯಗಳು ಹಸಿ ಕಸವನ್ನು ಆದಷ್ಟು ಆವರಣದಲ್ಲೇ ಗೊಬ್ಬರ ಮಾಡಿಕೊಳ್ಳಬೇಕು ಎಂದಿತ್ತಲ್ಲ, ನಮ್ಮ ಸಂಘದವರು ಅದನ್ನು ಓದಿ ‘ಯಂತ್ರ ಇರಬೇಕು’ ಎಂದು ಅರ್ಥ ಮಾಡಿಕೊಂಡರು. ಹಾಗಾಗಿ ತಾವು ಬಂದಿರಿ. ಇದ್ದಿರಿ. ಇದ್ದೀರಿ. ಮಾರಲು ಬಂದ ಹುಡುಗ ಒಂದು ಬೇಸಿನ್ ಅನ್ನ, ಹುಳಿ, ಬಾಳೆಹಣ್ಣಿನ ಸಿಪ್ಪೆ ಸುರಿದು, ಮರದ ಹೊಟ್ಟು ಸೇರಿಸಿ, ಅದೇನೋ ಪುಡಿ ಉದುರಿಸಿ ಗುಂಡಿ ಒತ್ತಿದ. ಹದಿನೈದು ನಿಮಿಷ ಗುರ್ರೆಂದಿರಿ. ಕಂದು ಬಣ್ಣದ ತರಿ ಬಂತು. ಸೆಕ್ರೆಟರಿಯವರು ಅಂಗೈಯಲ್ಲಿಟ್ಟುಕೊಂಡು ಮೂಸಿ, “ಗೊಬ್ಬರ!” ಎಂದರು. ಚಪ್ಪಾಳೆ ಬಿತ್ತು.

ಅದನ್ನು ಅವತ್ತೇ ಗುಲಾಬಿ ಕುಂಡಗಳಿಗೆ ಹಾಕಿಸಿದರು. ಮೂರನೇ ದಿನಕ್ಕೆ ಗುಲಾಬಿಯಿಂದ ಹಳಸಿದ ಹುಳಿಯ ವಾಸನೆ, ಸುತ್ತ ನೊಣದ ಪರಿಷೆ. ತಪ್ಪು ತಮ್ಮದಲ್ಲ, ಸ್ವಾಮಿ. ತಾವು ಮಾಡಿದ್ದು ಕೊಚ್ಚಿ ಕಲಸುವ ಕೆಲಸ ಮಾತ್ರ. ಅದು ಆಮೇಲೆ ಕ್ರೇಟುಗಳಲ್ಲಿ ವಾರಗಟ್ಟಲೆ ಕೂತು, ಆಗಾಗ ಕೈಯಾಡಿಸಿಕೊಂಡು, ಬಿಸಿಯಾಗಿ ಆರಿ ಮಾಗಬೇಕು. ಹಿಟ್ಟು ರುಬ್ಬಿದ ಕೂಡಲೇ ದೋಸೆ ಹುಯ್ದರೆ ಹೇಗಿರುತ್ತದೆಂದು ನಮ್ಮ ಕಟ್ಟಡದ ಅಷ್ಟೂ ಮನೆಗೆ ಗೊತ್ತು. ಕಸಕ್ಕೂ ಹುದುಗು ಬೇಕೆಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಕೈಯಾಡಿಸುವವರು ಯಾರು ಎಂಬಲ್ಲಿಗೆ ಕತೆ ನಿಂತಿತು. ಕಸ ಗುಡಿಸುವ ಹೆಂಗಸರು ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ ಕೇಳಿದರು, ಎಂಥ ಅಧಿಕಪ್ರಸಂಗ! ಕ್ರೇಟುಗಳನ್ನು ಎಲ್ಲಾದರೂ ಇಡಿ, ನಮ್ಮ ಬಾಲ್ಕನಿ ಕೆಳಗೆ ಬೇಡ ಎಂದು ನಾಲ್ಕೂ ಬ್ಲಾಕಿನವರು ಒಕ್ಕೊರಲಿನಿಂದ ಹೇಳಿದರು. ನಾಲ್ಕು ಬ್ಲಾಕೂ ಒಪ್ಪಿದ್ದು ನಮ್ಮ ಚರಿತ್ರೆಯಲ್ಲಿ ಅದೊಂದೇ ಸಲ. ಸಂಘದವರು ತಿಪ್ಪೆ ಮಾಡಲಿಲ್ಲ, ಸಾರಿಸಿದರು. ಈಗ ಹಸಿರು ಡಬ್ಬಿಯ ಹಸಿ ಕಸವನ್ನು ಬಹಳ ಶ್ರದ್ಧೆಯಿಂದ ಬೇರೆ ಮಾಡುತ್ತೇವೆ. ಆ ಡ್ರಮ್ಮುಗಳು ದಿನಾ ಬೆಳಿಗ್ಗೆ ತಮ್ಮ ಕಣ್ಣೆದುರೇ ಉರುಳಿಕೊಂಡು ಹೋಗಿ ಲಾರಿ ಏರುತ್ತವೆ. ಹಸಿದವರ ಮುಂದಿನ ಎಲೆ ಎಳೆದ ಹಾಗೆ. ಎಳೆಯುವುದಕ್ಕೆ ತಿಂಗಳಿಗಿಷ್ಟು ಎಂದು ದುಡ್ಡು ಬೇರೆ ಕಟ್ಟುತ್ತೇವೆ.

ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಹೊರವಲಯದ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. 2012ರಲ್ಲಿ ಅಲ್ಲಿ ಬಾಗಿಲು ಬಿತ್ತು. ಮಂಡೂರಿಗೆ ಹೋಗುತ್ತಿತ್ತು, ಊರಿನವರು ರಸ್ತೆಗೆ ಅಡ್ಡ ಕೂತು, 2014ರ ಕೊನೆಗೆ ಅದೂ ನಿಂತಿತು. ನಮ್ಮ ಮನೆಯ ಅನ್ನ ಸಾರು ಗಾಳಿಯಾಡದ ಗುಡ್ಡದಡಿ ಕೊಳೆತು ಮೀಥೇನ್ ಆಯಿತು, ಕರಿ ರಸವಾಗಿ ಇಳಿಯಿತು, ಅವರ ಮನೆಯ ಅನ್ನದ ಮೇಲೆ ನೊಣವಾಗಿ ಕೂತಿತು. ನಮ್ಮ ಬಾಲ್ಕನಿ ಕೆಳಗೆ ಕ್ರೇಟು ಬೇಡ ಎಂದಿದ್ದು ಎಷ್ಟು ಸರಿ ನೋಡಿ: ವಾಸನೆ ಅಂದರೆ ಏನೆಂದು ಮಂಡೂರಿನವರನ್ನು ಬಿಟ್ಟರೆ ನಮಗೇ ಚೆನ್ನಾಗಿ ಗೊತ್ತು.

ಒಂದು ಗುಟ್ಟು ಹೇಳಲೇ? ಪ್ರಪಂಚದ ಕೃಷಿ ಪಠ್ಯಗಳಲ್ಲಿ ‘ಬೆಂಗಳೂರು ವಿಧಾನ’ ಎಂಬುದೊಂದಿದೆ. ಸಾಫ್ಟ್‌ವೇರ್ ಬರೆಯುವ ವಿಧಾನವಲ್ಲ, ಕಸ ಕೊಳೆಸುವ ವಿಧಾನ. 1939ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ್ದು: ಗುಂಡಿ ತೋಡು, ಊರ ಕಸ ಒಂದು ಪದರ, ಮಲ ಒಂದು ಪದರ, ಮೇಲೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಸುಮ್ಮನಿರು. ಅದರ ಪಕ್ಕದಲ್ಲೇ ಆಲ್ಬರ್ಟ್ ಹೋವರ್ಡ್‌ನ ‘ಇಂದೋರ್ ವಿಧಾನ’ ಇರುತ್ತದೆ. ಇಂದೋರಿನವರು ತಮ್ಮ ಹೆಸರನ್ನು ಗಂಭೀರವಾಗಿ ತೆಗೆದುಕೊಂಡರೋ ಏನೋ, 2017ರಿಂದ ಏಳು ವರ್ಷ ಸತತವಾಗಿ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನದಲ್ಲಿ ಕೂತರು. ನಮಗೋ ಹಿತ್ತಲ ಗಿಡ. ಆದರೂ ‘ಸುಮ್ಮನಿರು’ ಎಂಬ ಭಾಗವನ್ನು ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ.

ಇನ್ನು ತಮ್ಮ ನೆತ್ತಿಯ ಮೇಲಿನ ತೋಟದ ಸುದ್ದಿ. ಹೊಂಗೆ ಮರ ಎಲೆ ಉದುರಿಸಿದಾಗ ಮಾಲಿ ಗುಡಿಸಿ, ಕಾಂಪೌಂಡಿನ ಮೂಲೆಯಲ್ಲಿ ಯಾರೂ ನೋಡದ ಹೊತ್ತಿನಲ್ಲಿ ಕಡ್ಡಿ ಗೀರುತ್ತಾನೆ. ಹೊಗೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಅದೇ ವಾರ ತೋಟದ ಸಮಿತಿ ಗೊಬ್ಬರದ ಮೂಟೆ ತರಿಸುತ್ತದೆ. ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಸಾರಜನಕದ ಇಪ್ಪತ್ತೈದು ಮೂವತ್ತು ಪಟ್ಟು ಇಂಗಾಲ ಕೂಡಿದರೆ ಸಂಸಾರ ಸುಸೂತ್ರ. ಹೆಣ್ಣೂ ಗಂಡೂ ಒಂದೇ ಕಾಂಪೌಂಡಿನಲ್ಲಿ ಇದ್ದಾರೆ. ಜಾತಕ ನೋಡುವವರಿಲ್ಲದೆ ಒಬ್ಬಳನ್ನು ಲಾರಿ ಹತ್ತಿಸುತ್ತೇವೆ, ಒಬ್ಬನಿಗೆ ಬೆಂಕಿ ಇಡುತ್ತೇವೆ.

ಇಷ್ಟೆಲ್ಲ ಬರೆಯುವ ನಾನು ಸಾಚಾ ಎಂದುಕೊಳ್ಳಬೇಡಿ. ತಮ್ಮನ್ನು ನೆಚ್ಚಿ ಕೂರಲಾಗದೆ ಬಾಲ್ಕನಿಯಲ್ಲಿ ಮೂರು ಅಂತಸ್ತಿನ ಮಣ್ಣಿನ ಮಡಕೆ ಇಟ್ಟೆ. ಮಾವಿನ ಕಾಲ. ಸಿಪ್ಪೆ, ಓಟೆ ಎಲ್ಲ ತುಂಬಿದೆ. ಒಣ ಎಲೆ ಹಾಕಲು ಸೋಮಾರಿತನ. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಬೆಳ್ಳಗೆ ದಪ್ಪ ಹುಳುಗಳು ಮಡಕೆಯ ಕಂಠಕ್ಕೆ ಸಾಲುಗಟ್ಟಿ ಹತ್ತುತ್ತಿವೆ, ಮೆಜೆಸ್ಟಿಕ್‌ನಲ್ಲಿ ಹಬ್ಬದ ಹಿಂದಿನ ರಾತ್ರಿ ಬಸ್ಸು ಹತ್ತುವವರ ಹಾಗೆ. ಹೆಂಡತಿ, “ಮಡಕೆ ಇರಬೇಕು, ಇಲ್ಲ ನಾನಿರಬೇಕು” ಎಂದಳು. ನಾನು ಯೋಚಿಸಲು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡೆ. ಊರಿಂದ ಬಂದಿದ್ದ ಅಮ್ಮ ಒಮ್ಮೆ ಬಗ್ಗಿ ನೋಡಿ, “ತಿಪ್ಪೆಗೆ ಹುಳ ಬರ್ದೆ ಗಿಳಿ ಬರುತ್ತೇನೋ? ಒಣಗಿದ ಸೊಪ್ಪು ಹಾಕು” ಎಂದು ಒಳಗೆ ಹೋದರು. ಮಾಲಿಯ ಕಡ್ಡಿಗೂ ಮುಂಚೆ ಓಡಿ ಒಂದು ಚೀಲ ಎಲೆ ತಂದೆ. ಹುಳಿ ಮಜ್ಜಿಗೆ ಚಿಮುಕಿಸಿ ಕೆದಕಿದೆ. ನಾಲ್ಕು ದಿನಕ್ಕೆ ದುರ್ವಾಸನೆ ಹೋಗಿ, ಮೊದಲ ಮಳೆಯ ಮಣ್ಣಿನ ವಾಸನೆ. ಕೈಯಿಟ್ಟರೆ ಬೆಚ್ಚಗೆ.

ಮೂರು ತಿಂಗಳಾದ ಮೇಲೆ ಜರಡಿ ಹಿಡಿದೆ. ಕಪ್ಪು ಗೊಬ್ಬರ ಕೆಳಗಿಳಿಯಿತು. ಮೇಲೆ ಉಳಿದದ್ದು ಮಾವಿನ ಓಟೆ, ಸೇಬಿನ ಮೇಲಿನ ಸ್ಟಿಕ್ಕರು ನಾಲ್ಕು, ಮತ್ತೆ ಒಂದು ಸ್ಟೀಲ್ ಚಮಚ. ಆ ಚಮಚ ಕಾಣೆಯಾದಾಗ ನಾವು ಮನೆಗೆಲಸದಾಕೆಯ ಮೇಲೆ ಅನುಮಾನಪಟ್ಟಿದ್ದೆವು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆಕೆಗೆ ಗೊತ್ತಾಗಿತ್ತು. ಚಮಚವನ್ನು ತೊಳೆದು, ಯಾರೂ ನೋಡದಂತೆ ಸ್ಟ್ಯಾಂಡಿಗೆ ಹಾಕಿದೆ. ಮಾರನೇ ದಿನ ಆಕೆಯೇ ಅದನ್ನು ಎತ್ತಿ ನೋಡಿ, ನನ್ನನ್ನು ನೋಡಿ, ಏನೂ ಅನ್ನದೆ ಪಾತ್ರೆ ತಿಕ್ಕಿದಳು.

ಈಗ ಮುಖ್ಯ ವಿಷಯ. ಬರುವ ಭಾನುವಾರ ಸಂಘದ ಸಭೆ. ತಮ್ಮನ್ನು ಗುಜರಿಗೆ ಹಾಕಿ, ‘24 ಗಂಟೆಯಲ್ಲಿ ಗೊಬ್ಬರ’ ಕೊಡುವ ಹೊಸ ಯಂತ್ರ ತರುವ ಪ್ರಸ್ತಾಪವಿದೆ. ಅಂಥವು ಬಹಳಷ್ಟು ಬರೀ ಕಾಯಿಸಿ ಒಣಗಿಸುತ್ತವೆ. ಹೊರಗೆ ಬರುವುದು ಅನ್ನ ಸಾರಿನ ಸಂಡಿಗೆ. ನೀರು ತಾಗಿದೊಡನೆ ಹಳೆಯ ವಾಸನೆ ಎದ್ದು ಕೂರುತ್ತದೆ. ನಾನು ಸಭೆಯಲ್ಲಿ ಹೇಳುತ್ತೇನೆ, ಅವರು ಕೇಳುವುದಿಲ್ಲ. ಅದಕ್ಕೇ ಶನಿವಾರ ಒಂದು ಬಕೆಟ್ ಕಸ, ಎರಡು ಚೀಲ ಎಲೆ ತೆಗೆದುಕೊಂಡು ಕೆಳಗೆ ಬರುತ್ತಿದ್ದೇನೆ. ಒಮ್ಮೆ ಗುರ್ರೆನ್ನಿ, ಕೈಯಾಡಿಸುವ ಕೆಲಸ ನನಗಿರಲಿ. ಕೀಲಿಕೈ ಯಾರ ಹತ್ತಿರವಿದೆ ಎಂದು ಮೂವರನ್ನು ವಿಚಾರಿಸಿದೆ. ಮೂವರೂ ನಾಲ್ಕನೆಯವರ ಹೆಸರು ಹೇಳಿದರು. ಅವರು ಫ್ಲ್ಯಾಟ್ ಮಾರಿ ಹೋಗಿ ಎರಡು ವರ್ಷವಾಯಿತಂತೆ.

ಇತಿ ತಮ್ಮ ವಿಧೇಯ,
‘ಸಿ’ ಬ್ಲಾಕಿನ ಹುಳದ ಮನೆಯವ

ತಾ.ಕ.: ಹಿಡಿಕೆಯ ಹಾರವನ್ನು ನಾನೇ ಬಿಚ್ಚಿಕೊಂಡು ಬಂದೆ, ಮಡಕೆಗೆ ಬೇಕಿತ್ತು. ದಾರ ಮಾತ್ರ ಅಲ್ಲೇ ಮಾಪಿನ ಪಕ್ಕ ಇಟ್ಟಿದ್ದೇನೆ. ಅದು ನೈಲಾನು.