ಅರ್ಜಿಯೆಂಬ ಮಹಾವಿದ್ಯೆ

ವ್ಯವಹಾರ ನಿರ್ವಹಣೆಯ ಶಾಸ್ತ್ರವನ್ನು ಎರಡು ವರ್ಷ ಬೋಧಿಸಿ ಎಂ.ಬಿ.ಎ. ಪದವಿಯನ್ನು ದಯಪಾಲಿಸುವ ಸಂಸ್ಥೆಗಳು, ನ್ಯಾಯವಾಗಿ ಅದನ್ನು ಕೊಡಬೇಕಾದುದು ವ್ಯಾಸಂಗ ಮುಗಿಸಿದವರಿಗಲ್ಲ, ಪ್ರವೇಶದ ಅರ್ಜಿಯನ್ನು ಆದ್ಯಂತವಾಗಿ ತುಂಬಿ ಮುಗಿಸಿದವರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಭದ್ರಾವತಿಯ ನ್ಯೂಟೌನಿನಲ್ಲಿರುವ ಅಕ್ಕನ ಮಗಳು ಈ ಸಾಹಸಕ್ಕೆ ಕೈಯಿಕ್ಕಿದಂದಿನಿಂದ, ಶಿವಮೊಗ್ಗದ ದುರ್ಗಿಗುಡಿಯಲ್ಲಿ ನೆಮ್ಮದಿಯಾಗಿದ್ದ ನಾನು, ಕನ್ನಡ ಮೇಷ್ಟರೆಂಬ ಒಂದೇ ಅಪರಾಧಕ್ಕಾಗಿ, ಆ ಮಹಾಯಜ್ಞದ ಋತ್ವಿಜರಲ್ಲೊಬ್ಬನಾದೆನು.

ಪ್ರಥಮ ವಿಘ್ನವು ಹೆಸರಿನಲ್ಲಿಯೇ ಕಾದಿದ್ದಿತು. ಅರ್ಜಿಯು ಸರ್‌ನೇಮ್ ಬೇಕೆಂದಿತು. ನಮ್ಮ ಕಡೆಯವರಿಗೆ ಇರುವುದು ಇನಿಷಿಯಲ್ ಮಾತ್ರ. ಅದೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಪದವಿಯ ಅಂಕಪಟ್ಟಿಯಲ್ಲಿ ಮುಂದೆ, ಆಧಾರ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಕಡೆಗೆ ನೋಟರಿಯ ಮುಂದೆ, ಈ ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಹುಟ್ಟಿದಂದಿನಿಂದ ಅವಳನ್ನು ಎತ್ತಿ ಆಡಿಸಿದ ಸೋದರಮಾವನ ಸಾಕ್ಷ್ಯಕ್ಕಿಲ್ಲದ ಬೆಲೆ ಛಾಪಾಕಾಗದಕ್ಕುಂಟು.

ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಭಾವನವರಿಗೆ ಇದೆಲ್ಲವೂ ಅಸಹ್ಯವೆನಿಸಿತು. "1923ರಲ್ಲಿ ಉತ್ಪಾದನೆ ಶುರುವಾಗಿ, ಆರಂಭದಲ್ಲೇ ನಷ್ಟಕ್ಕೆ ಬಿದ್ದ ನಮ್ಮ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು ಯಾವ ಎಂ.ಬಿ.ಎ. ಓದಿದ್ದರಮ್ಮಾ? ಈ ದೇಶದಲ್ಲಿ ಮೊದಲ ಐಐಎಂಗಳು ಹುಟ್ಟಿದ್ದೇ 1961ರಲ್ಲಿ. ಆಗ ಅವರಿಗೆ ನೂರು ವರ್ಷ!" ಎಂದು ಗುಡುಗಿದರು. ಮಗಳು ಕಂಪ್ಯೂಟರಿನಿಂದ ತಲೆಯೆತ್ತದೆ, "ಅವರಿಗೆ ಮೋಕ್ಷಗುಂಡಂ ಅಂತ ಒಂದಿತ್ತಲ್ಲಪ್ಪಾ, ಅರ್ಜಿ ಸಲೀಸಾಗಿ ಹೋಗ್ತಿತ್ತು" ಎಂದಳು.

ಬಳಿಕ ಐಐಎಂ ಪ್ರವೇಶಕ್ಕೆ ಬೇಕಾದ ಕ್ಯಾಟ್ ಪರೀಕ್ಷೆ. ಮೂರು ಭಾಗ, ಭಾಗಕ್ಕೆ ನಲವತ್ತು ನಿಮಿಷ. ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರಕ್ಕೆ ಮೂರಂಕ, ತಪ್ಪಿಗೆ ಒಂದಂಕ ಕಡಿತ. ಈ ಕಡಿತದ ನಿಯಮವು ನಮ್ಮ ಬಂಧುವರ್ಗದ ಸಲಹೆಗಳಿಗೂ ಅನ್ವಯಿಸಿದ್ದರೆ ಅನೇಕ ಹಿರಿಯರು ಮೌನವ್ರತವನ್ನು ಕೈಗೊಳ್ಳುತ್ತಿದ್ದರು. ಫಲಿತಾಂಶದ ದಿನ ತೊಂಬತ್ತೆಂಬ ಸಂಖ್ಯೆಯನ್ನು ಕೇಳಿದೊಡನೆಯೇ ಅಕ್ಕ ಬೀದಿಗೆಲ್ಲ ಪೇಡ ಹಂಚಿದಳು. ಅದು ಶೇಕಡಾ ಅಂಕವಲ್ಲ, ಪರ್ಸೆಂಟೈಲ್. ಅಂದರೆ ಬರೆದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗಿಂತ ಮುಂದೆ. ಆದರೂ ಬೆಂಗಳೂರಿನ ಐಐಎಂ ಬಾಗಿಲಿಗೆ ಅದು ಸಾಲದು, ಅವರು ಹತ್ತನೆಯ ತರಗತಿಯ ಅಂಕವನ್ನೂ ತೂಗಿ ನೋಡುತ್ತಾರೆ ಎಂದು ಮಗಳು ವಿವರಿಸುವಷ್ಟರಲ್ಲಿ ಪೇಡ ಮುಗಿದಿದ್ದಿತು.

ಇನ್ನು ಖಾಸಗಿ ಸಂಸ್ಥೆಯೊಂದು, ನಿಮ್ಮ ಪ್ರಧಾನ ದೌರ್ಬಲ್ಯವನ್ನು ಮುನ್ನೂರು ಪದಗಳಲ್ಲಿ ನಿವೇದಿಸಿ ಎಂದು ಕೇಳಿತು. ಮನೆಯ ದೋಷವನ್ನು ಹೊರಗೆ ಹೇಳಲಾಗದೆಂದು ಅಜ್ಜಿ ಹಟ ಹಿಡಿದರು. ಮುನ್ನೂರು ಪದ ಸಾಲದೆಂದು ಅವಳ ತಮ್ಮ ಆಕ್ಷೇಪಿಸಿದನು. ಕೊನೆಗೆ 'ಅತಿಯಾದ ಕಾರ್ಯನಿಷ್ಠೆಯೇ ನನ್ನ ದೋಷ' ಎಂಬ, ಸಕಲ ಅಭ್ಯರ್ಥಿಗಳೂ ಬರೆಯುವ ಸುಳ್ಳನ್ನೇ, ಒಂಬತ್ತು ಗಂಟೆಗೆ ಮುನ್ನ ಹಾಸಿಗೆಯಿಂದೇಳದ ಆ ಕನ್ಯೆಯೂ ನಿರ್ವಿಕಾರಚಿತ್ತದಿಂದ ಬರೆದಳು.

ಅಂತಿಮವಾಗಿ ಅವಳ ಕೈ ಹಿಡಿದುದು ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ. ಅಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಓದಿದುದಕ್ಕೆ ಶಾಲೆಯ ಪ್ರಮಾಣಪತ್ರ, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ, ನಾಡಕಚೇರಿಯಿಂದ ಜಾತಿ ಆದಾಯದ ಪತ್ರಗಳು ಎಲ್ಲವೂ ಬೇಕಾದುವು. ಆ ವೇಳೆಗೆ ನಮ್ಮ ಹುಡುಗಿಯು ಯಾವ ಗುಮಾಸ್ತರು ಊಟಕ್ಕೆ ಎಷ್ಟು ಹೊತ್ತಿಗೆ ಏಳುವರೆಂಬುದನ್ನು ಬಲ್ಲ ಪ್ರವೀಣೆಯಾಗಿದ್ದಳು. ಈಗ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ, ತಮ್ಮದೇ ತಾಲ್ಲೂಕಿನ ಶಂಕರಘಟ್ಟಕ್ಕೆ, ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅಲ್ಲಿ ಬೋಧಿಸುವ ಯೋಜನೆ, ಸಂಘಟನೆ, ಸಂಯಮಗಳನ್ನು ಅವಳು ಸೇರುವ ಮೊದಲೇ ಕಲಿತಿರುವುದರಿಂದ ಪಾಠವು ಸುಲಭವೆನಿಸುತ್ತಿದೆಯಂತೆ. ಆದುದರಿಂದ ಮಕ್ಕಳನ್ನು ಈ ಮಾರ್ಗಕ್ಕೆ ಕಳುಹಿಸಬೇಕೆಂದಿರುವ ತಂದೆತಾಯಂದಿರಲ್ಲಿ ನನ್ನದೊಂದೇ ವಿನಂತಿ: ಎಲ್ಲ ದಾಖಲೆಗಳಲ್ಲಿಯೂ ಹೆಸರು ಒಂದೇ ಆಗಿರುವಂತೆ ಈಗಲೇ ನೋಡಿಕೊಳ್ಳಿ, ಉಳಿದ ನಿರ್ವಹಣೆಯನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ.